ಹಕ್ಕಲಿಗೆ ಕರೆಯದ ವರ್ಷ

ಕಳೆದ ವಾರ ಕೌತಾಳಂ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೆ. ಊರು ಇನ್ನೂ ಎರಡು ಮೈಲಿ ಇರುವಾಗ ಯಾರದೋ ಹೊಲದಲ್ಲಿ ಶೇಂಗಾ ಕೀಳುತ್ತಿದ್ದರು. ಆಗತಾನೆ ಕಿತ್ತ ಬಳ್ಳಿ, ಬೇರಿಗೆ ಅಂಟಿದ ಹಸಿ ಮಣ್ಣು, ಬಿಸಿಲಿಗೆ ಬಾಡುವ ಎಲೆ, ಇವೆಲ್ಲ ಸೇರಿದ ವಾಸನೆ ಇದೆಯಲ್ಲ, ಅದು ಬಸ್ಸಿನೊಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು "ಈಸಾರಿ ಕಾಯ ಬಾಗುಂದಿ" ಎಂದು ತೆಲುಗಿನಲ್ಲಿ ಶುರು ಮಾಡಿ "ಚಲೋ ತುಂಬ್ಯಾವ್ರಿ" ಎಂದು ಕನ್ನಡದಲ್ಲಿ ಮುಗಿಸಿದಳು. ನಾನು ಹೂಂ ಎಂದೆನೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ಮೂರು ವರ್ಷದ ಹಿಂದಿನ ಕಾರ್ತಿಕ ಮಾಸಕ್ಕೆ ಹೋಗಿಬಿಟ್ಟಿದ್ದೆ.

ಆದೋನಿಯ ಮಾರ್ಕೆಟ್ ಯಾರ್ಡ್ ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು, ಎರಡು ಪ್ಲಾಸ್ಟಿಕ್ ಕುರ್ಚಿ. ಬರುವ ಕೆಲಸವೆಲ್ಲ ತೆಲುಗಿನದು. ಮನೆಯಲ್ಲಿ ಕನ್ನಡ ಮಾತಾಡುವವರು ಊರ ತುಂಬ ಇದ್ದರೂ ನಮ್ಮ ರಸ್ತೆಯಲ್ಲಿ ಕನ್ನಡ ಟೈಪು ಮಾಡುವವಳು ನಾನೊಬ್ಬಳೇ. ಆ ವಿಷಯದಲ್ಲಿ ನನಗೆ ಕೊಂಚ ಜಂಬವೂ ಉಂಟು. ಹತ್ತಿಯ ಕಾಲ ಬಂತೆಂದರೆ ಜಿನ್ನಿಂಗ್ ಮಿಲ್ಲುಗಳಿಂದ ಎದ್ದ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಕೀಬೋರ್ಡಿನ ಮೇಲೆ ಕೂರುತ್ತವೆ. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ಓರೆಯಾಗಿ ಬಿದ್ದಾಗ ಅವು ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಿಂತೇ ಇರುತ್ತವೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನ್ನೇ ನೋಡುತ್ತ ಕೂತರೆ ಕಣ್ಣು ತೆರೆದಿರುವಾಗಲೇ ನಿದ್ದೆ ಬರುತ್ತದೆ.

ಅಂಥ ಒಂದು ಮಧ್ಯಾಹ್ನ ಯಾಕೋಬಪ್ಪ ಅಯ್ಯಗಾರು ಬಂದರು. ಚರ್ಚಿನ ಪಾಸ್ಟರನ್ನು ನಮ್ಮ ಕಡೆ ಅಯ್ಯಗಾರು ಎಂದೇ ಕರೆಯುವುದು. ಕೌತಾಳಂ ಹತ್ತಿರದ ಹಳ್ಳಿಯೊಂದರಲ್ಲಿ ಅವರ ಚಿಕ್ಕ ಚರ್ಚು. ಅದೇ ಹಳ್ಳಿಯ ಮಗ್ಗುಲಲ್ಲಿ ನಮ್ಮ ಹೊಲ. ಬಿಳಿ ಅಂಗಿ, ದಪ್ಪ ಕನ್ನಡಕ, ಬಗಲಲ್ಲಿ ಬಟ್ಟೆಯ ಚೀಲ. ನನ್ನ ಹಣೆಯ ವಿಭೂತಿ ನೋಡಿ ಅವರು ಬಾಗಿಲಲ್ಲೇ ನಿಂತರು.

"ಕನ್ನಡ ಟೈಪು ನೀವು ಮಾಡ್ತೀರಂತ ಹೇಳಿದ್ರಮ್ಮ. ಇದು ನಮ್ಮ ಶಾಸ್ತ್ರದ ಪಾಠ. ನಿಮಗೇನೂ ಅಭ್ಯಂತರ ಇಲ್ಲಲ್ಲ?"

"ಒತ್ತಕ್ಷರ ನೆಟ್ಟಗಿದ್ರ ಯಾವ ದೇವ್ರಾದ್ರೂ ನಡೀತೈತಿ. ಒಳಗ ಬರ್ರಿ," ಎಂದೆ.

ಅವರು ನಕ್ಕು ಒಳಗೆ ಬಂದು ಚೀಲದಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ಅದಕ್ಕೆ ಎರಡು ಮೊದಲ ಪುಟಗಳಿದ್ದವು. ಎಡಗಡೆಯಿಂದ ತೆರೆದರೆ ಕನ್ನಡ, ಬಲಗಡೆಯಿಂದ ತೆರೆದರೆ ಹೀಬ್ರೂ. ಆ ಭಾಷೆಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರಂತೆ. ಪಾಸ್ಟರಿಕೆಗೆ ಓದುವಾಗ ಒಬ್ಬ ಮುದಿ ಗುರುಗಳು ಅದನ್ನು ಕಲಿಸಿದ್ದರಂತೆ. ಎರಡು ಬರಹಗಳೂ ಒಂದರ ಕಡೆಗೊಂದು ನಡೆದು ಬಂದು ನೋಟ್‌ಬುಕ್ಕಿನ ನಡುವೆ ಎರಡು ಖಾಲಿ ಹಾಳೆಗಳನ್ನು ಬಿಟ್ಟು ನಿಂತಿದ್ದವು.

ಕ್ರಿಸ್‌ಮಸ್ ಆದ ಕೂಡಲೇ ಅವರು ಸಮುದ್ರದ ಕಡೆಯ ಊರಿಗೆ ವರ್ಗವಾಗಿ ಹೋಗಬೇಕಿತ್ತು. ಅಷ್ಟರೊಳಗೆ ಈ ಪಾಠಗಳು ಪುಸ್ತಕವಾಗಿ ಅಚ್ಚಾಗಬೇಕಿತ್ತು. "ಈ ಹೊಳಿಸಾಲಿನ ಊರಾಗ ವಯಸ್ಸಾದ ಹೆಣ್ಣುಮಕ್ಕಳಿಗೆ ತೆಲುಗು ಪಾಠ ತಲಿಗಿ ಹತ್ತೂದಿಲ್ಲಮ್ಮ. ಅಷ್ಟs ಅಲ್ಲ. ನಮ್ಮ ಶಾಸ್ತ್ರ ಬರದ ಮಂದಿ ಹೆಂಗ ಯೋಚನಿ ಮಾಡ್ತಿದ್ರು ಅಂತ ತಿಳೀದs ಓದಿದ್ರ ಅಕ್ಷರ ಓದಿದಂಗ, ಮಾತು ಓದಿದಂಗ ಅಲ್ಲ. ಇಪ್ಪತ್ತು ವರ್ಷ ಹೇಳೀನಿ. ಒಬ್ರಿಗರ ತಿಳಿದೈತೇನು ಅಂತ ನೋಡಿ ಹೋಗೂ ಆಸೆ ಐತಿ."

ಆ ಒಬ್ಬಳು ನಾನೇ ಆಗುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಯಾರ ಮುಂದಾದರೂ ಬುದ್ಧಿವಂತೆ ಅನಿಸಿಕೊಳ್ಳುವ ಚಪಲ ನನಗೆ ಚಿಕ್ಕಂದಿನದು.

ಮಂಗಳವಾರ, ಶುಕ್ರವಾರ ಊಟದ ಹೊತ್ತು ಕಳೆದ ಮೇಲೆ ಅವರು ಬಸ್ಸಿಳಿದು ಬರುತ್ತಿದ್ದರು. ಅವರು ಓದುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಹೊರಗೆ ಹತ್ತಿಯ ಟ್ರಾಕ್ಟರುಗಳು ಸಾಲಾಗಿ ಯಾರ್ಡಿನ ಕಡೆಗೆ ತೆವಳುತ್ತಿದ್ದವು. ಅವರ ದನಿಯಲ್ಲಿ ಏರಿಳಿತ ಕಡಿಮೆ. ಆ ದನಿಯ ಹಿಂದೆ ನಾನು ಎಷ್ಟು ದೂರ ಹೋಗಿರುತ್ತಿದ್ದೆನೆಂದರೆ ಯಾರಾದರೂ ಬಂದು ಆಧಾರ್ ಜೆರಾಕ್ಸ್ ಕೇಳಿದರೆ ಅವರು ಯಾವ ದೇಶದವರೆಂದು ಒಂದು ಗಳಿಗೆ ನೋಡುವಂತಾಗುತ್ತಿತ್ತು.

ಆ ಹಳೆಯ ಜನ ಯಾವುದನ್ನೂ ಬರಿಯ ವಿಚಾರವಾಗಿ ಹೇಳುವವರಲ್ಲವಂತೆ. ಎಲ್ಲಕ್ಕೂ ಕೈಕಾಲು ಬೇಕು. ಸಿಟ್ಟು ಎಂದು ಹೇಳಬೇಕಾದರೆ ಮೂಗು ಕಾಯಿತು ಎನ್ನುತ್ತಾರೆ. ತಾಳ್ಮೆಯಿರುವವನು ಉದ್ದ ಮೂಗಿನವನು. ಕಾವು ತುದಿ ಮುಟ್ಟಲು ಹೊತ್ತು ಹಿಡಿಯುತ್ತದಲ್ಲ, ಅದಕ್ಕೆ. ದೇವರನ್ನೂ ಅವರು ಉದ್ದ ಮೂಗಿನವನೆಂದೇ ಹೊಗಳುತ್ತಿದ್ದರಂತೆ. ನನಗೆ ನಗು ತಡೆಯಲಿಲ್ಲ.

"ನಮ್ಮವ್ವ ನನಗ ದಿನಾ ಅಂತಾಳ್ರಿ, ಸಿಟ್ಟು ನಿನ್ನ ಮೂಗಿನ ತುದೀಗೇ ಐತಿ ಅಂತ. ಆಕಿಗೂ ಹೀಬ್ರೂ ಬರ್ತೈತೇನು ಮತ್ತ?"

"ಬರ್ತೈತಿ. ಹೊಲದಾಗ ಕೆಲಸ ಮಾಡಿದ ಎಲ್ಲಾರಿಗೂ ಅರ್ಧ ಬರ್ತೈತಿ. ಓದಿದ ನಮಗs ಕಷ್ಟ," ಎಂದರು.

ಇನ್ನೊಂದು ದಿನ ಕಾಲದ ಮಾತು ಬಂತು. ನಾವು ಮುಂದಿನ ವರ್ಷ ಎಂದು ಎದುರಿಗೆ ಕೈ ತೋರಿಸುತ್ತೇವೆ. ಆ ಜನಕ್ಕೆ ಆಗಿಹೋದದ್ದು ಮುಖದ ಮುಂದೆ, ಆಗಬೇಕಾದದ್ದು ಬೆನ್ನ ಹಿಂದೆ. ಕಂಡದ್ದು ತಾನೇ ಕಣ್ಣಿಗೆ ಕಾಣುವುದು? ನನಗೆ ಇದು ಹಿಡಿಯಲಿಲ್ಲ. ಆಗ ಅವರು ಕಾಲುವೆಯ ಕೆಳಗಿನ ಗದ್ದೆಗಳನ್ನು ನೆನಪಿಸಿದರು. ನೆಲ್ಲು ನಾಟಿ ಹಚ್ಚುವ ಹೆಣ್ಣುಮಕ್ಕಳು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಹಚ್ಚಿದ ಸಸಿ ಕಣ್ಣೆದುರಿಗೆ, ಹಚ್ಚಬೇಕಾದ ಕೆಸರು ಬೆನ್ನಿಗೆ. ಅದನ್ನು ಕೇಳಿದ ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ಬೀದಿಯೆಲ್ಲ ಕೆಸರುಗದ್ದೆಯಾಗಿ, ಎದುರು ಬರುವ ಜನರೆಲ್ಲ ಬೆನ್ನು ಮೊದಲು ಮಾಡಿ ಬರುತ್ತಿದ್ದಾರೆಂದು ಅನ್ನಿಸಿತು. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಅಪ್ಪ ಹಿಂದೆ ಉಳಿದುಬಿಟ್ಟರು ಎಂದು ಅಲ್ಲಿಯವರೆಗೆ ಅಳುತ್ತಿದ್ದವಳಿಗೆ ಅವರು ಎದುರಿಗೇ ಇದ್ದಾರೆ ಎಂದುಕೊಂಡಾಗ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ಅಪ್ಪ ನನ್ನ ಹೆಸರಿಗೆ ಬರೆದಿದ್ದ ಆರು ಎಕರೆ ಕೆಂಪು ಮಸಾರಿ ನೆಲದಲ್ಲಿ ಆ ವರ್ಷ ಶೇಂಗಾ ಇತ್ತು. ನಾನೇ ನಿಂತು ಮಾಡಿಸಿದ ಮೊದಲ ಸುಗ್ಗಿ ಅದು. ಶೇಂಗಾ ಎಷ್ಟೇ ಜತನದಿಂದ ಕಿತ್ತರೂ ಒಂದಿಷ್ಟು ಕಾಯಿ ನೆಲದಲ್ಲೇ ಉಳಿಯುತ್ತದೆ. ಅದೇ ಹಕ್ಕಲು. ಊರಿನ ಹೊಲವಿಲ್ಲದ ಹೆಣ್ಣುಮಕ್ಕಳು ಕುರ್ಪಿ ಹಿಡಿದು ಬಂದು ಕೆದಕಿ ಆಯ್ದುಕೊಂಡು ಹೋಗುತ್ತಾರೆ. ಅವರ ಮನೆಗೆ ಯುಗಾದಿಯವರೆಗಿನ ಚಟ್ನಿ, ಮಕ್ಕಳ ಬಾಯಿಗೆ ನಾಲ್ಕು ಕಾಳು, ಎಲ್ಲ ಅದರಲ್ಲೇ. ಆದರೆ ಕಟ್ಟಳೆಯೊಂದಿದೆ: ಹೊಲದವರು ಬಂದು ಕರೆಯುವವರೆಗೆ ಯಾರೂ ಒಳಗೆ ಕಾಲಿಡುವುದಿಲ್ಲ. ಬಂಡಿಗಳೆಲ್ಲ ಹೋದ ಮೇಲೆ ಅಪ್ಪ ಬದುವಿನ ಮೇಲೆ ನಿಂತು "ಹಕ್ಕಲಕ್ಕ ಬರ್ರೆವ್ವಾ" ಎಂದು ಕೂಗುತ್ತಿದ್ದುದು ನನಗೆ ಗೊತ್ತು. ಚಿಕ್ಕವಳಾಗಿದ್ದಾಗ ಬಂಡಿಯಲ್ಲಿ ಕುಳಿತು ಕೇಳಿದ್ದೇನೆ. ಹಕ್ಕಲು ಮುಗಿದ ಮೇಲೆಯೇ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುವುದು. ಕುರಿ ತುಳಿದ ನೆಲದಲ್ಲಿ ಮತ್ತೆ ಕಾಯಿ ಸಿಗದು.

ಸೋಮವಾರ ಬೆಳಿಗ್ಗೆ ನಮ್ಮ ಬಂಡಿಗಳು ಹೊಲ ಬಿಟ್ಟವು. ಅಂದು ತಲೆ ಬಾಚಿಕೊಳ್ಳುವಾಗ, ಹೋಗಿ ಕರೆಯಬೇಕು ಎಂದು ನೆನಪಾಯಿತು. ಆದರೆ ಶುಕ್ರವಾರಕ್ಕೆ ಪ್ರೆಸ್ಸಿಗೆ ಫೈಲು ಕೊಡಬೇಕಿತ್ತು, ಕೊನೆಯ ಎರಡು ಪಾಠ ಬಾಕಿಯಿದ್ದವು. ಅಂಗಡಿಗೆ ಹೋದೆ.

ಕೊನೆಯ ಪಾಠಗಳಲ್ಲಿ ಮೊದಲನೆಯದು ಯಾವುದೆಂದು ಹೇಳಿದರೆ ನೀವು ನಗುತ್ತೀರಿ. ಗಂಡನನ್ನು ಕಳೆದುಕೊಂಡ ಪರದೇಶದ ಸೊಸೆಯೊಬ್ಬಳು ಅತ್ತೆಯ ಕೈ ಬಿಡದೆ ಅವಳ ಊರಿಗೆ ಬಂದು, ಜವೆಗೋಧಿಯ ಹೊಲದಲ್ಲಿ ಕೊಯ್ಯುವವರ ಹಿಂದೆ ಹಕ್ಕಲು ಆಯುವ ಕಥೆ. ಮಂಗಳವಾರ ಅಯ್ಯಗಾರು ಅದನ್ನು ಓದಿದರು. ಆ ಜನರ ನ್ಯಾಯದಲ್ಲಿ ಹೊಲದ ಅಂಚಿನ ಬೆಳೆ, ಬಿದ್ದ ಹಕ್ಕಲು, ಎರಡೂ ಹೊಲದವನದಲ್ಲವಂತೆ. ಅದು ಬಡವರದು, ಪರದೇಶಿಯದು. ಹೊಲದವನು ಅದನ್ನು ಕೊಡುವುದಿಲ್ಲ, ಮುಟ್ಟದೆ ಬಿಡುತ್ತಾನೆ ಅಷ್ಟೆ. ಆ ಸಾಲನ್ನು ನಾನು ದಪ್ಪ ಅಕ್ಷರದಲ್ಲಿ ಹಾಕಿದೆ. ಜವೆಗೋಧಿಯ ಹೊಲವನ್ನು ನಾನು ಕಂಡಿಲ್ಲ. ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಜೋಳದ ಹೊಲವೇ, ಸೊಸೆ ಉಟ್ಟಿದ್ದು ಕಚ್ಚೆ ಹಾಕಿದ ಕೆಂಪು ಸೀರೆಯೇ. ಬಿಸಿಲಿನಲ್ಲಿ ನಿಂತ ಹತ್ತಿಯ ಎಳೆಗಳ ನಡುವೆ ಆಕೆ ಬಗ್ಗಿ ಬಗ್ಗಿ ತೆನೆ ಆಯುತ್ತ ಬಂದಳು. ಆಕೆ ನಾಚದ ಹಾಗೆ ಒಂದಿಷ್ಟು ತೆನೆಗಳನ್ನು ಬೇಕೆಂದೇ ಬೀಳಿಸಿ ಹೋಗಿರಿ ಎಂದು ಹೊಲದ ಯಜಮಾನ ಆಳುಗಳಿಗೆ ಹೇಳುವಲ್ಲಿಗೆ ಬಂದಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಸೆರಗಿನಿಂದ ಒರೆಸಿಕೊಂಡೆ. ನಮ್ಮ ಹೊಲದಲ್ಲೂ ಕರೆಯಬೇಕಿತ್ತಲ್ಲ ಎಂದು ಆಗಲೂ ನೆನಪಾಯಿತು. ನಾಳೆ ಹೋದರಾಯಿತು ಎಂದುಕೊಂಡೆ.

"ಎಷ್ಟು ಚಂದ ತಿಳ್ಕೊಂಡೀರಿ ಗಿರಿಜಮ್ಮ," ಎಂದರು ಅಯ್ಯಗಾರು. ನನಗೆ ಹಿಗ್ಗೋ ಹಿಗ್ಗು.

ಎರಡನೆಯ ಪಾಠ ನೆನಪಿನ ಮೇಲೆ. ಅದನ್ನೂ ಅಂದೇ ಓದಿ ಮುಗಿಸಿದರು. ಪ್ರಳಯದ ನೀರಿನಲ್ಲಿ ದೋಣಿಯೊಂದು ತೇಲುತ್ತಿದ್ದಾಗ ದೇವರು ಅದರೊಳಗಿನವರನ್ನು ನೆನೆದನಂತೆ. ಕೂಡಲೇ ಗಾಳಿ ಬೀಸಿತು, ನೀರು ಇಳಿಯಿತು. ಮಕ್ಕಳಿಲ್ಲದವಳನ್ನು ನೆನೆದನಂತೆ, ತೊಟ್ಟಿಲು ತುಂಬಿತು.

"ಆ ಮಂದೀಗೆ ನೆನಪು ಅನ್ನೂದು ತಲಿಯಾಗಿನ ಸಾಮಾನಲ್ಲಮ್ಮ. ನೆನೆದ ಅಂದ್ರ ಎದ್ದ ಅಂತ. ದೇವ್ರು ನೆನಸ್ಕೊಂಡು ಸುಮ್ನ ಕುಂತಿದ್ದ ಅಂತ ಎಲ್ಲೂ ಬರದಿಲ್ಲ."

"ಮತ್ತ ಮರಿಯೂದು?" ಎಂದು ಕೇಳಿದೆ.

"ಅದೂ ಹಂಗs. ಎದ್ದು ಹೋಗ್ಲಿಲ್ಲ ಅಂದ್ರ ಮರೆತಂಗ."

ಬುಧವಾರ ಬೆಳಿಗ್ಗೆಯಿಂದಲೇ ಆ ಪಾಠದ ಪುಟಗಳನ್ನು ಜೋಡಿಸುತ್ತ ಕುಳಿತಿದ್ದೆ. ಕುರಿಯ ನಾಗಪ್ಪನ ಫೋನು ಬಂತು. ಅವನ ಕುರಿಗಳು ನಮ್ಮ ಹೊಲದ ದಾರಿಗೆ ಬಂದಿದ್ದವು.

"ಇವತ್ತೇ ನಿಲ್ಲಿಸ್ಲೇನ್ರಿ ಅಕ್ಕಾರ? ಇಲ್ಲಾಂದ್ರ ದೇವನಕೊಂಡ ಕಡೀಗಿ ಹೊಡ್ಕೊಂಡು ಹೋಗ್ತೀನಿ. ಮತ್ತ ಯುಗಾದಿ ತನಕ ಸಿಗೂದಿಲ್ಲ."

"ಹೊಲ ಖಾಲಿ ಐತಲ್ಲ?"

"ಹೊಲದಾಗ ಯಾರೂ ಇಲ್ಲ. ಬದುವಿನ ಮ್ಯಾಲ ಏಳೆಂಟು ಮಂದಿ ಹೆಣ್ಣುಮಕ್ಕಳು ಕುಂತಾರ, ಅಷ್ಟs."

"ನಿಲ್ಸು," ಎಂದೆ. ಅವನು ಹೇಳಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಬಿದ್ದಿತ್ತು. ಪರದೆಯ ಮೇಲಿನ ಪುಟದಲ್ಲಿ ಒಂದು ಸಾಲು ಹೆಚ್ಚಾಗಿ ಮುಂದಿನ ಪುಟಕ್ಕೆ ಜಾರಿತ್ತು, ಅದನ್ನು ಮೇಲೆ ತರುವುದರಲ್ಲಿದ್ದೆ.

ಶುಕ್ರವಾರ ಅಯ್ಯಗಾರು ಒಬ್ಬರೇ ಬರಲಿಲ್ಲ. ಜೊತೆಗೆ ಅರವತ್ತು ದಾಟಿದ ಒಬ್ಬ ಹೆಂಗಸಿದ್ದಳು. ಒಣಕಲು ಮೈ, ಎಣ್ಣೆ ಹಚ್ಚಿ ಬಿಗಿದ ತುರುಬು. ಅವರ ಚರ್ಚಿನ ಮಾರ್ತಮ್ಮ. ಆಕೆಗೆ ಓದು ಬರದು. ಅಚ್ಚಿಗೆ ಕೊಡುವ ಮೊದಲು ಆಕೆಗೆ ಓದಿ ಹೇಳಿ, ತಿಳಿಯುತ್ತದೋ ಇಲ್ಲವೋ ನೋಡಬೇಕೆಂದು ಕರೆತಂದಿದ್ದರು. ಓದುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ದನಿಯನ್ನು ಏರಿಸಿ ಇಳಿಸಿ ಸೊಸೆಯ ಕಥೆಯನ್ನು ಪೂರ್ತಿ ಓದಿದೆ. ಮಾರ್ತಮ್ಮ ಕುರ್ಚಿಯಲ್ಲಿ ಕೂರದೆ ಹೊಸ್ತಿಲಿನ ಹತ್ತಿರ ಕುಳಿತು, ಗಲ್ಲಕ್ಕೆ ಕೈ ಹಚ್ಚಿ ಕೇಳಿದಳು. ಮುಗಿದಾಗ "ಚಲೋ ಹೊಲದಾವ ಬಿಡವ್ವ. ತಾನs ಬಂದು ಮಾತಾಡಿಸ್ಯಾನ," ಎಂದಳು. ಆಮೇಲೆ ನನ್ನ ಮುಖವನ್ನೇ ನೋಡಿದಳು.

"ನೀ ಶಿವಣ್ಣಪ್ಪಾರ ಮಗಳಲ್ಲೇನವ್ವಾ?"

ಹೌದೆಂದೆ.

"ಮೈಯಾಗ ಆರಾಮ ಇರ್ಲಿಲ್ಲೇನು? ಮೂರು ದಿನ ನಿಮ್ಮ ಬದುವಿನ ಮ್ಯಾಲ ಕುಂತಿದ್ವಿ. ಇವತ್ತು ಬರ್ತಾಳ, ನಾಳಿ ಬರ್ತಾಳ ಅಂತ. ಅಪ್ಪ ಹೋದ ಮ್ಯಾಲ ಹೊಲ ನೋಡಾಕ ಒಬ್ಬಾಕಿ, ಜ್ವರ ಗಿರ ಬಂದು ಮಲಗ್ಯಾಳೇನೋ ಅಂತ ನಮಗೆಲ್ಲ ಚಿಂತಿ ಆಗಿತ್ತು. ಆಮ್ಯಾಲ ಕುರಿ ಬಂದ್ವು, ಎದ್ದು ಹೋದ್ವಿ."

ಆಕೆಯ ಮಾತಿನಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ನಿಜವಾಗಿಯೂ ನನ್ನ ಮೈ ಹೇಗಿದೆ ಎಂದೇ ಕೇಳಿದ್ದಳು. ಕೈಯಲ್ಲಿದ್ದ ಹಾಳೆಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

"ನನಗ ನೆನಪಿತ್ತು ಮಾರ್ತಮ್ಮ," ಎಂದೆ. ಬಾಯಿಂದ ಅದು ಹೊರಬಿದ್ದ ಮೇಲೆ ಕಿವಿಗೆ ಕೇಳಿತು. ಅಯ್ಯಗಾರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ನಾಚಿಕೆಯಾದಾಗ ಮನುಷ್ಯರು ಮಾಡುವುದನ್ನೇ ನಾನೂ ಮಾಡಿದೆ. ಮನೆಯಲ್ಲಿ ಶೇಂಗಾ ಚೀಲಗಳಿವೆ, ಒಂದೊಂದು ಮನೆಗೆ ಒಂದೊಂದು ಚೀಲ ಕಳಿಸುತ್ತೇನೆ ಎಂದೆ. ಮಾರ್ತಮ್ಮ ಎದ್ದು ಸೀರೆ ಕೊಡವಿಕೊಂಡಳು.

"ಬ್ಯಾಡವ್ವ. ಚೀಲದಾಗಿಂದು ನಿಂದು. ಹಕ್ಕಲು ನಮ್ದು. ನಮ್ದು ಹೋತು, ಅಷ್ಟs. ನಿಂದು ಯಾಕ ಬೇಕು?"

ಓದು ಬರದವಳು ಹೇಳಿದ್ದು ನಾನು ದಪ್ಪ ಅಕ್ಷರದಲ್ಲಿ ಹಾಕಿದ ಸಾಲನ್ನೇ. ಅಕ್ಷರ ಅಕ್ಷರವೂ ಸರಿಯಾಗಿ ಟೈಪು ಮಾಡಿದ್ದೆ, ಒಂದು ಒತ್ತೂ ತಪ್ಪಿರಲಿಲ್ಲ. ಆಕೆ ಹೋದ ಮೇಲೆ ನಾನು ಅಂಗಡಿಯಲ್ಲಿ ಕುಳಿತು ಅತ್ತೆ. ಮಂಗಳವಾರದ ಅಳುವಿನಂಥ ಚಂದದ ಅಳುವಲ್ಲ ಅದು.

ಪುಸ್ತಕದ ಕೊನೆಯ ಪುಟದಲ್ಲಿ ಅಯ್ಯಗಾರು ಒಂದು ಸಾಲು ಬರೆದಿದ್ದರು: ಇದನ್ನು ಅರಿತು ಅಕ್ಷರ ಜೋಡಿಸಿಕೊಟ್ಟ ಗಿರಿಜಮ್ಮನವರಿಗೆ ವಂದನೆ. ಪ್ರೆಸ್ಸಿಗೆ ಕಳಿಸುವ ಮೊದಲು 'ಅರಿತು' ಎಂಬುದನ್ನು ಅಳಿಸಿದೆ. ಅಚ್ಚಾದ ಪುಸ್ತಕ ಕೈಗೆ ಬಂದಾಗ ಅವರು ಆ ಪುಟವನ್ನು ನೋಡಿದರು, ನನ್ನನ್ನೂ ನೋಡಿದರು. ಯಾಕೆ ತೆಗೆದಿರಿ ಎಂದು ಕೇಳಲಿಲ್ಲ. ಕೇಳದಿದ್ದುದಕ್ಕೆ ನನಗೆ ಅವರ ಮೇಲೆ ಗೌರವವೂ ಬಂತು, ಸಿಟ್ಟೂ ಬಂತು.

ಕ್ರಿಸ್‌ಮಸ್ ಕಳೆದು ಅವರು ಹೊರಟ ದಿನ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಬೆಳಗಿನ ಮಂಜಿನಲ್ಲಿ ಬೋರ್ಡುಗಳೇ ಕಾಣುತ್ತಿರಲಿಲ್ಲ. ಬಸ್ಸುಗಳು ತಮ್ಮ ಊರಿನ ಹೆಸರಿಲ್ಲದೆ ಬಂದು ಹೆಸರಿಲ್ಲದೆ ಹೋಗುತ್ತಿದ್ದವು.

"ಇಪ್ಪತ್ತು ವರ್ಷಕ್ಕ ಒಬ್ರಿಗೂ ತಿಳೀಲಿಲ್ಲ ಅಂತ ಹೊಂಟೀರೇನ್ರಿ ಅಯ್ಯಗಾರು?" ಎಂದೆ.

"ಮಾರ್ತಮ್ಮಗ ತಿಳಿದಿತ್ತಲ್ಲಮ್ಮ, ನಾ ಬರೂಕಿಂತ ಮೊದ್ಲೇ," ಎಂದು ನಕ್ಕರು. ಬಸ್ಸು ಹತ್ತಿ ಕಿಟಕಿಯಿಂದ ಬಗ್ಗಿ, "ನಿಮ್ಮದಿನ್ನೂ ಮುಗಿದಿಲ್ಲ. ಮುಂದಿನ ಸುಗ್ಗಿ ಬೆನ್ನ ಹಿಂದ ಐತಿ. ಇದನ್ನ ಕಣ್ಣ ಮುಂದ ಇಟ್ಕೊಂಡು ಹೆಜ್ಜಿ ಹಾಕ್ರಿ," ಎಂದರು.

ಹಾಗೆಯೇ ಹಾಕಿದೆ. ಮರುವರ್ಷ ಬಂಡಿಗಳು ಹೊಲ ಬಿಟ್ಟ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆರೆಯಲೇ ಇಲ್ಲ. ಬದುವಿನ ಮೇಲೆ ನಿಂತು "ಹಕ್ಕಲಕ್ಕ ಬರ್ರೆವ್ವಾ" ಎಂದು ಕೂಗಿದೆ. ಮೊದಲ ಸಲ ನಾಚಿಕೆಗೆ ದನಿಯೇ ಏಳಲಿಲ್ಲ. ಎರಡನೆಯ ಸಲ ಚೆನ್ನಾಗಿಯೇ ಎದ್ದಿತು. ಯಾರೂ ಬರಲಿಲ್ಲ. ಬಿಸಿಲೇರುವವರೆಗೆ ಕುಳಿತು ಮನೆಗೆ ಬಂದೆ. ಮರುದಿನವೂ ಹೋಗಿ ಕೂಗಿದೆ. ನಾಗಪ್ಪ ಫೋನು ಮಾಡಿದಾಗ ದೇವನಕೊಂಡ ಕಡೆಗೇ ಹೋಗು ಎಂದೆ. ಮೂರನೆಯ ದಿನ ಬದುವಿನ ಮೇಲೆ ಕುಳಿತು ಕುಳಿತು, ಕುಳಿತವಳು ನಾನೋ ಅವರೋ ಎಂಬುದೇ ಕಲಸಿಹೋಯಿತು. ಕಿತ್ತ ಹೊಲ ಬಿಸಿಲಿಗೆ ಕೆಂಪಗೆ ಮಿನುಗುತ್ತಿತ್ತು. ಹೀಗೆ ದಾರಿ ನೋಡುವವರಿಗೆ ಒಂದು ಗಂಟೆ ಎಷ್ಟು ಉದ್ದವಿರುತ್ತದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಹೊತ್ತು ಇಳಿಯುವಾಗ ಕಾಲುವೆಯ ಕಡೆಯಿಂದ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಮಾರ್ತಮ್ಮ ಬಂದಳು. ನನ್ನನ್ನು ನೋಡಿ ಹೊರೆ ಇಳಿಸಿದಳು.

"ಯಾರನ್ನ ಕರಿಯಾಕತ್ತೀಯವ್ವಾ?"

"ನಿಮ್ಮನ್ನs. ಮೂರು ದಿನ ಆತು."

"ಇಲ್ಲಿ ನಿಂತು ಕರದ್ರ ನಮ್ಮ ಓಣಿಗೆ ಕೇಳ್ತೈತೇನು? ನಿಮ್ಮಪ್ಪಾರು ಮುಂಚಿನ ದಿನ ಸಂಜಿಮುಂದ ಓಣಿಗೇ ಬರ್ತಿದ್ರು. ಮನಿ ಮನಿ ಮುಂದ ನಿಂತು ಒಬ್ಬೊಬ್ರ ಹೆಸರು ಹಿಡಿದು ಕರೀತಿದ್ರು. ಹೋದ ವರ್ಷ ಅವರಿಲ್ಲ ಅಂತ ನಾವs ಬಂದು ಕುಂತ್ವಿ, ಮೂರು ದಿನ ಕುಂತು ಎದ್ದು ಹೋದ್ವಿ. ಈ ಸಲ ಯಾ ಮಾರಿ ಹೊತ್ಕೊಂಡು ಬರೂದವ್ವಾ?"

ಬಂಡಿಯಲ್ಲಿ ಕುಳಿತಿದ್ದ ಹುಡುಗಿ ಕೇಳಿದ್ದು ಬೆಳಗಿನ ಕೂಗೊಂದನ್ನೇ. ಅದರ ಹಿಂದಿನ ಸಂಜೆ ಅಪ್ಪ ಎಲ್ಲಿಗೆ ಹೋಗಿ ಬರುತ್ತಿದ್ದರೆಂದು ಒಮ್ಮೆಯೂ ಕೇಳಿರಲಿಲ್ಲ. ಅದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದಿತ್ತು. ನನಗೆ ಮಾರ್ತಮ್ಮನ ಹೆಸರು ಬಿಟ್ಟರೆ ಬೇರೆ ಯಾರ ಹೆಸರೂ ಗೊತ್ತಿರಲಿಲ್ಲ. ಅದನ್ನೂ ಹೇಳಿದೆ.

"ನಾ ಹೇಳ್ತೀನಿ, ಬಾ," ಎಂದಳು.

ಹುಲ್ಲಿನ ಹೊರೆಯನ್ನು ಬದುವಿಗೇ ಬಿಟ್ಟು ಇಬ್ಬರೂ ನಡೆದೆವು. ಒಲೆಗಳ ಹೊಗೆ ಓಣಿಯ ಮೇಲೆ ತೆಳ್ಳಗೆ ಹರಡಿಕೊಂಡಿತ್ತು. ನಮ್ಮ ಆರು ಎಕರೆ ದಾಟಿದರೆ ಸಿಗುವ ಆ ಓಣಿಗೆ ನಾನು ಹುಟ್ಟಿದಾಗಿನಿಂದ ಕಾಲಿಟ್ಟಿರಲಿಲ್ಲ. ಮಾರ್ತಮ್ಮ ಪ್ರತಿ ಬಾಗಿಲ ಮುಂದೆ ನಿಂತು ಮೆಲ್ಲಗೆ ನನ್ನ ಕಿವಿಯಲ್ಲಿ ಹೆಸರು ಹೇಳುತ್ತಿದ್ದಳು, ನಾನು ಜೋರಾಗಿ ಕರೆಯುತ್ತಿದ್ದೆ. ಸುಂಕಮ್ಮಾ. ಎಸ್ತೇರಮ್ಮಾ. ಹುಸೇನಮ್ಮಾ. ನರಸಮ್ಮಾ. ಒಬ್ಬಳು ಹಿಟ್ಟಿನ ಕೈಯಲ್ಲೇ ಹೊರಬಂದಳು. ಒಬ್ಬಳು ಒಳಗಿಂದಲೇ "ಯಾರದು?" ಎಂದು ಗದರಿದಳು. ಇನ್ನೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ "ಬರ್ತೀವೇಳು" ಎಂದು ಬಾಗಿಲು ಹಾಕಿಕೊಂಡಳು.

ಓಣಿಯ ಕೊನೆಯ ಮನೆಗೆ ಬೀಗ ಹಾಕಿತ್ತು. ಮಾರ್ತಮ್ಮ ಅಲ್ಲಿಯೂ ನಿಂತಳು.

"ಯೇಸಮ್ಮ," ಎಂದಳು.

"ಊರಿಗೆ ಹೋಗ್ಯಾಳೇನು?"

"ಬ್ಯಾಸಿಗ್ಯಾಗ ತೀರಿಕೊಂಡ್ಳು. ಹೋದ ವರ್ಷ ಮೂರು ದಿನಾನೂ ನಮ್ಮ ಜೋಡಿ ಬದುವಿನ ಮ್ಯಾಲ ಕುಂತಿದ್ಳು. ಆಕೀನೂ ಕರಿಯವ್ವ."

ನಾನು ಬೀಗ ಹಾಕಿದ ಆ ಬಾಗಿಲಿಗೆ ಎದುರಾಗಿ ನಿಂತು, ಓಣಿಗೆಲ್ಲ ಕೇಳುವಂತೆ, ಯೇಸಮ್ಮಾ ಹಕ್ಕಲಕ್ಕ ಬಾರವ್ವಾ ಎಂದು ಕರೆದೆ.